ಪೆಟ್ ಸ್ಕ್ಯಾನ್‌ನ ಐಸೋಟೋಪು ಸೂಸುವ ಬೆಳಕನ್ನು ಕ್ಯಾಮೆರಾ ಹಿಡಿಯಬಲ್ಲದೇ?

ದೇಹದೊಳಗಿನ ಗೆಡ್ಡೆಗಳನ್ನು ಪತ್ತೆಹಚ್ಚುವ ಪೆಟ್ ಸ್ಕ್ಯಾನ್‌ಗೆ ಕೊಡುವ, ಗೆಡ್ಡೆಯಲ್ಲಿ ಹೆಚ್ಚಾಗಿ ಸೇರುವ ವಿಕಿರಣಶೀಲ ಫ್ಲೋರಿನ್-18 ಬೆಳಕನ್ನೂ ಸೂಸುವುದಾದರೆ, ದುಬಾರಿ ಸ್ಕ್ಯಾನರಿನ ಬದಲು ಕ್ಯಾಮೆರಾದಿಂದಲೇ ಗೆಡ್ಡೆಯನ್ನು ನೋಡಬಾರದೇಕೆ ಎಂದು ಕೇಳಿದ್ದೀರಿ. ಬೆಳಕು ಹೊಮ್ಮುವುದು ನಿಜ. ಆದರೆ ಅದು ದೇಹದ ಆಳದಿಂದ ಹೊರಬರಲಾರದು.

ಅಂಗಾಂಶದೊಳಗೆ ಬೆಳಕು ಚಲಿಸುವುದಕ್ಕಿಂತ ವೇಗವಾಗಿ, ಫ್ಲೋರಿನ್-18 ಹೊರಸೂಸುವ ಪಾಸಿಟ್ರಾನ್ (ಧನ ವಿದ್ಯುದಂಶವುಳ್ಳ, ಎಲೆಕ್ಟ್ರಾನಿನಂಥ ಕಣ) ಸಾಗಿದಾಗ ನೀಲಿ ಛಾಯೆಯ ಚೆರೆಂಕೋವ್ ಬೆಳಕು ಹುಟ್ಟುತ್ತದೆ. ನೀರಿನಲ್ಲಿ ಇದಕ್ಕೆ ಸುಮಾರು 260 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಫ್ಲೋರಿನ್-18ರ ಪಾಸಿಟ್ರಾನುಗಳ ಗರಿಷ್ಠ ಶಕ್ತಿ 633 ಆಗಿರುವುದರಿಂದ ಅವುಗಳಲ್ಲಿ ಒಂದು ಪಾಲು ಮಾತ್ರ ಈ ಮಿತಿಯನ್ನು ದಾಟುತ್ತದೆ. ಹೀಗೆ ಹುಟ್ಟಿದ ಅಲ್ಪ ಬೆಳಕನ್ನೂ ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುವುದರಿಂದ, ಕೆಲವು ಮಿಲಿಮೀಟರ್‌ಗಳಿಗಿಂತ ಆಳದಲ್ಲಿರುವುದು ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಪಾಸಿಟ್ರಾನ್ ಎಲೆಕ್ಟ್ರಾನಿನೊಡನೆ ಸೇರಿ ಅಳಿದಾಗ ಹುಟ್ಟುವ, ಸ್ಕ್ಯಾನರ್ ಹಿಡಿಯುವ 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣಗಳಾದರೋ ಇಡೀ ದೇಹವನ್ನು ಹಾದು ಬರಬಲ್ಲವು.

ಆದರೆ ಈ ದೌರ್ಬಲ್ಯವೇ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅನುಕೂಲವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ; ಮೇಲ್ಮೈಗೆ ಹತ್ತಿರದ ಬೆಳಕಷ್ಟೇ ಕಾಣುವುದರಿಂದ ಹೊಳಪು ಅಂಚಿನದ್ದೇ ಎಂದು ತಿಳಿಯುತ್ತದೆ. ಕತ್ತರಿಸಿ ತೆಗೆದ ಸ್ತನದ ಗೆಡ್ಡೆಯನ್ನು ಬೆಳಕು ನುಸುಳದ ಪೆಟ್ಟಿಗೆಯಲ್ಲಿಟ್ಟು, ತಂಪುಗೊಳಿಸಿದ ಅತಿಸೂಕ್ಷ್ಮ ಕ್ಯಾಮೆರಾದಿಂದ ಕೆಲವು ನಿಮಿಷ ಚಿತ್ರಿಸಿದಾಗ ಅಂಚಿನಲ್ಲಿ ಹೊಳಪು ಕಂಡರೆ, ಕ್ಯಾನ್ಸರ್ ಅಲ್ಲಿಯವರೆಗೂ ಹಬ್ಬಿರಬಹುದೆಂದು ವೈದ್ಯರು ಆಗಲೇ ಇನ್ನಷ್ಟು ಅಂಗಾಂಶವನ್ನು ತೆಗೆಯಬಹುದು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಇದನ್ನು ರೋಗಿಗಳಲ್ಲಿ ಪರೀಕ್ಷಿಸಲಾಗಿದೆ. ಫ್ಲೋರಿನ್-18ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ) 110 ನಿಮಿಷವಾದ್ದರಿಂದ ಚುಚ್ಚುಮದ್ದಿನ ಸಮಯವನ್ನು ಶಸ್ತ್ರಚಿಕಿತ್ಸೆಗೆ ಕರಾರುವಾಕ್ಕಾಗಿ ಹೊಂದಿಸಬೇಕಾಗುತ್ತದೆ.