ನಮ್ಮ ಬಂಡೆ ಪಾಲಿಶ್‌ಗೆ ಆಗುತ್ತಾ, ಬರೀ ಸೈಜುಗಲ್ಲಿಗಾ?

ಪ್ರಶ್ನೆ: ನಮಸ್ಕಾರ ಸರ್. ಚನ್ನರಾಯಪಟ್ಟಣದ ಹತ್ತಿರ ನನ್ನ ಪಾಲಿಗೆ ಬಂದ 2 ಎಕರೆ ಇದೆ. ಮುಕ್ಕಾಲು ಭಾಗ ಬರೀ ಬಂಡೆ. ತಾತನ ಕಾಲದಲ್ಲಿ ಅಲ್ಲೇ ಕಲ್ಲು ಒಡೆಸಿ ಮನೆಗೆ ಪಾಯ ಹಾಕಿಸಿದ್ದರಂತೆ, ಆ ಗುಂಡಿ ಈಗಲೂ ಇದೆ. ಕಲ್ಲು ಬೂದು ಬಣ್ಣ, ಮಧ್ಯೆ ಕಪ್ಪು ಬಿಳಿ ಪಟ್ಟೆ. ಒಬ್ಬ ಬ್ರೋಕರ್ ‘ಇದು ಗ್ರಾನೈಟ್, ಪಾಲಿಶ್ ಮಾಡಿದರೆ ಕೋಟಿ’ ಅನ್ನುತ್ತಾರೆ. ಇನ್ನೊಬ್ಬರು ಜಲ್ಲಿಗೆ ಕೇಳುತ್ತಿದ್ದಾರೆ. ಯಾರ ಮಾತು ನಂಬಲಿ? ಗುಂಡಿಯ ಫೋಟೊ ಕಳಿಸಿದ್ದೇನೆ.

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಅಡ್ವಾನ್ಸ್ ಅಂತೂ ಮುಟ್ಟಲೇಬೇಡಿ.

ನಿಮ್ಮದು ಗ್ರಾನೈಟ್ ಅಲ್ಲ, ನೈಸ್ (gneiss) ಅನ್ನುವ ಪಟ್ಟೆ ಕಲ್ಲು. ವ್ಯಾಪಾರದಲ್ಲಿ ಎರಡಕ್ಕೂ ಗ್ರಾನೈಟ್ ಅಂತಲೇ ಹೆಸರು, ಹಾಗಾಗಿ ಬ್ರೋಕರ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಎರಡರಲ್ಲೂ ಇರುವುದು ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ. ಆದರೆ ನೈಸ್ ಭೂಮಿಯ ಆಳದಲ್ಲಿ ಶಾಖ, ಒತ್ತಡಕ್ಕೆ ಸಿಕ್ಕಿ ನಾದಿದ ಹಿಟ್ಟಿನ ಹಾಗೆ ಎಳೆದುಕೊಂಡಿದೆ. ಆ ಪಟ್ಟೆ ಬಂದದ್ದು ಹಾಗೆ. ಹಾಸನ ಜಿಲ್ಲೆಯ ಬಹುಪಾಲು ನಿಂತಿರುವುದೇ ಈ ಕಲ್ಲಿನ ಮೇಲೆ. ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ ವಯಸ್ಸು. ನಿಮ್ಮ ತಾತ ಪಾಯಕ್ಕೆ ಹಾಕಿಸಿದ್ದು ಎಂಥಾ ಹಳೇ ಸಾಮಾನು ನೋಡಿ!

ಗಟ್ಟಿತನದ ಚಿಂತೆ ಬಿಡಿ. ಮೇಲಿನ ಕೊಳೆತ ಪದರ, ಗರಸು ಕಳೆದರೆ ಪಾಯಕ್ಕೆ, ಕಾಂಪೌಂಡಿಗೆ, ಬೇಲಿ ಕಂಬಕ್ಕೆ ಒಳ್ಳೆ ಕಲ್ಲು. ಸುತ್ತಿಗೆಯಲ್ಲಿ ಹೊಡೆದು ನೋಡಿ. ಠಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಬಿರುಕಿದೆ. ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತೆ. ಚೆನ್ನಾಗಿ ಒಣಗಿಸಿದ 1 ಕೆಜಿ ತುಂಡನ್ನು ಒಂದು ದಿನ ನೀರಲ್ಲಿ ಮುಳುಗಿಸಿಡಿ. ಆಮೇಲೆ ಒರೆಸಿ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. 5 ಗ್ರಾಂಗಿಂತ ಜಾಸ್ತಿ ಏರಿದ್ದರೆ ಪಾಲಿಶ್ ಆಸೆ ಬಿಡಿ.

ಪಾಲಿಶ್‌ಗೆ ಗಟ್ಟಿ ಇದ್ದರೆ ಸಾಲದು, ದೊಡ್ಡದಾಗಿ ಏಳಬೇಕು. ಶ್ರವಣಬೆಳಗೊಳ ನಿಮಗೆ ಪಕ್ಕದಲ್ಲೇ ಇದೆ, ಅಲ್ವಾ? ಸುಮಾರು 58 ಅಡಿ ಎತ್ತರದ ಗೊಮ್ಮಟ ಒಂದೇ ಕಲ್ಲಿನಲ್ಲಿ ನಿಂತಿದ್ದಾನೆ. ಸಾವಿರ ವರ್ಷದ ಹಿಂದೆ ಆ ಬೆಟ್ಟದಲ್ಲಿ ಅಷ್ಟುದ್ದಕ್ಕೂ ಸೀಳಿಲ್ಲದ ಬಂಡೆ ಸಿಕ್ಕಿತ್ತು ಅಂತ ಅರ್ಥ. (ಬೇಲೂರು, ಹಳೇಬೀಡಿನ ಕಲ್ಲು ಬೇರೆ. ಅದು ಬಳಪದ ಕಲ್ಲು, ಮೆತ್ತಗೆ. ಅಷ್ಟು ಸಣ್ಣ ಕೆತ್ತನೆಯನ್ನು ನೈಸ್‌ನಲ್ಲಿ ಮಾಡಲು ಹೋದರೆ ಉಳಿ ಸವೆಯುತ್ತೆ, ಕೈಯೂ ಸವೆಯುತ್ತೆ.)

ಈಗ ನಿಮ್ಮ ಫೋಟೊ. ಗುಂಡಿಯ ಎಡಗೋಡೆಯಲ್ಲಿ ಒಂದು ಗಿಡದ ಬೇರು ನೂಲು ಹಿಡಿದ ಹಾಗೆ ನೇರ ಇಳಿದಿದೆ. ಬೇರು ಸುಮ್ನೆ ಹಾಗೆ ಇಳಿಯಲ್ಲ, ಅಲ್ಲೊಂದು ಸೀಳಿದೆ. ಅದರ ಬಲಕ್ಕೆ ಅಂಥದ್ದೇ ಇನ್ನೊಂದು ಗೆರೆ. ಅಲ್ಲಿ ನಿಂತಿರುವ ಹುಡುಗನ ಎತ್ತರದ ಮೇಲೆ ಅಂದಾಜು ಮಾಡಿದರೆ ನಡುವೆ ಮೂರಡಿಯೂ ಇಲ್ಲ. ಕೊಯ್ಯುವ ಫ್ಯಾಕ್ಟರಿಗೆ ಎಂಟಡಿ ಉದ್ದ, ನಾಲ್ಕೈದು ಅಡಿ ಅಗಲದ ಬ್ಲಾಕ್ ಬೇಕು. ಒಂದೊಂದೂ ಹತ್ತು ಹನ್ನೆರಡು ಟನ್ ತೂಗುತ್ತೆ. ಮೂರಡಿಗೊಂದು ಸೀಳಿದ್ದರೆ ಅದು ಹೇಗೆ ಎದ್ದೀತು? ಇಡೀ ಬಂಡೆ ಹೀಗೇ ಇರಬೇಕು ಅಂತೇನಿಲ್ಲ. ಟೇಪ್ ಹಿಡಿದು ಉದ್ದಕ್ಕೂ ಅಡ್ಡಕ್ಕೂ ನಡೆದು, ಸೀಳಿನಿಂದ ಸೀಳಿಗೆ ಎಷ್ಟು ದೂರ ಅಂತ ಬರೆದುಕೊಳ್ಳಿ. ಬಂಡೆ ಮೇಲ್ಮೈಗೆ ಸಮನಾಗಿ, ಈರುಳ್ಳಿ ಸಿಪ್ಪೆ ಥರ ಬಿಟ್ಟಿರುವ ಪದರ ಕಂಡರೆ ಬೇಜಾರಾಗಬೇಡಿ, ಚಪ್ಪಡಿ ಏಳುವುದೇ ಅಲ್ಲಿ. ಹಿಂದೆ ಬಂಡೆ ಮೇಲೆ ಬೆಂಕಿ ಹಾಕಿ ಕಾಯಿಸಿ ಎಬ್ಬಿಸುತ್ತಿದ್ದದ್ದು ಈ ಪದರಗಳನ್ನೇ.

ಪಟ್ಟೆಯನ್ನೂ ನೋಡಿ. ಒಂದೇ ಸಮ ಹರಿದಿದ್ದರೆ ಪಾಲಿಶ್ ಆದಮೇಲೆ ಚೆಂದ, ಗಿರಾಕಿಯೂ ಇದ್ದಾರೆ. ಕಾಗೆಬಂಗಾರ ಒತ್ತಾಗಿರುವ ಕಪ್ಪು ಪಟ್ಟೆ ದಪ್ಪ ಇದ್ದರೆ ಅದೇ ಗೆರೆಯಲ್ಲಿ ಕಲ್ಲು ಬಿಡುತ್ತೆ, ಹೊಳಪೂ ಸರಿಯಾಗಿ ಹಿಡಿಯಲ್ಲ. ಅಂಥ ಕಡೆ ಜಲ್ಲಿ ಮಾಡಿದರೂ ಚಪ್ಪಟೆ ಚೂರು ಜಾಸ್ತಿ, ಕಾಂಕ್ರೀಟಿಗೆ ಅದು ಒಳ್ಳೆಯದಲ್ಲ. ಮಳೆ ಬಿದ್ದ ಮುಖದಲ್ಲಿ ತುಕ್ಕಿನ ಕಲೆ ಇದೆಯಾ ಅಂತಲೂ ನೋಡಿ. ಇದ್ದರೆ ನಾಳೆ ಗಿರಾಕಿಯ ಮನೆ ನೆಲದಲ್ಲೂ ಅದೇ ಕಲೆ ಬರುತ್ತೆ.

ಜಲ್ಲಿ ಕೇಳುವವರಿಗೆ ‘ಹೂಂ’ ಅನ್ನುವ ಮೊದಲೇ ಇದೆಲ್ಲ ಮುಗಿಯಬೇಕು. ಜಲ್ಲಿಗೆ ಅಂತ ಒಮ್ಮೆ ಜೋರಾಗಿ ಬ್ಲಾಸ್ಟ್ ಮಾಡಿದರೆ ಕಣ್ಣಿಗೆ ಕಾಣದ ಬಿರುಕು ಒಳಗೆಲ್ಲ ಹರಡುತ್ತೆ. ಆಮೇಲೆ ಅಲ್ಲಿಂದ ಬ್ಲಾಕ್ ತೆಗೆಯುವ ಮಾತೇ ಇಲ್ಲ. ಬ್ಲಾಕ್ ತೆಗೆಯುವವರು ವಜ್ರದ ಮಣಿ ಪೋಣಿಸಿದ ತಂತಿಯಲ್ಲಿ ಕೊಯ್ಯುವುದು ಅದಕ್ಕೇ.

ಇನ್ನು ಕಾಗದಪತ್ರ. ಜಮೀನು ಪಟ್ಟಾ ಆಗಿದ್ದರೂ ಮಾರಾಟಕ್ಕೆ ಕಲ್ಲು ತೆಗೆಯಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು, ಪರಿಸರ ಅನುಮತಿ ಬೇಕು, ರಾಜಧನವನ್ನೂ ಕಟ್ಟಬೇಕು. ಕಟ್ಟಡದ ಕಲ್ಲು, ಅಲಂಕಾರದ ಕಲ್ಲು ಎರಡೂ ಬೇರೆ ಬೇರೆ ಲೆಕ್ಕ. ಹಾಸನದ ಕಚೇರಿಗೆ ಹೋಗುವಾಗ ಟೇಪ್ ಅಳತೆಯ ಹಾಳೆ, ಪಹಣಿ, ಜೊತೆಗೆ ಮುಷ್ಟಿಗಾತ್ರದ ನಾಲ್ಕು ತುಂಡು ಹಿಡಿದು ಹೋಗಿ. ತುಂಡುಗಳನ್ನು ಮೇಲ್ಮೈಯಿಂದಲ್ಲ, ಗುಂಡಿಯ ತಳದಿಂದ ಒಡೆದು ತನ್ನಿ.