ರಿಪೋರ್ಟ್ ನಾರ್ಮಲ್, ಕಾಲಿನ ಜೋಮು ಮಾತ್ರ ಹಾಗೇ ಇದೆ

ಪ್ರಶ್ನೆ: ನನಗೆ 38 ವರ್ಷ, ಶಾಲಾ ಶಿಕ್ಷಕಿ. ನಾಲ್ಕು ತಿಂಗಳಿಂದ ಎರಡೂ ಪಾದ ಜೋಮು, ಆಗಾಗ ಎಡಗೈ ಮೇಲೂ ಇರುವೆ ಹರಿದ ಹಾಗೆ. ಮೆದುಳಿನ ಎಂಆರ್‌ಐ ನಾರ್ಮಲ್. ನರತಜ್ಞರು ರಕ್ತ ಪರೀಕ್ಷೆಗೆ ಬರೆದುಕೊಟ್ಟು, ‘ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ’ ಎಂದರು. ಮನೆಯವರು ‘ಎಲ್ಲಾ ನಿನ್ನ ಭ್ರಮೆ’ ಅನ್ನುತ್ತಾರೆ. ರಾತ್ರಿ ನಿದ್ದೆಯಿಲ್ಲ. ಬೇರೆ ಡಾಕ್ಟರ ಹತ್ತಿರ ಹೋಗಲೇ?

ಉತ್ತರ: ಊರು ಬೇರೆ, ವಯಸ್ಸು ಬೇರೆ, ಆದರೆ ಇದೇ ಪತ್ರ ನನಗೆ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಬಿಡಿಸಿ ಹೇಳುತ್ತೇನೆ.

‘ಮೂರು ತಿಂಗಳು ಬಿಟ್ಟು ಬನ್ನಿ’ ಎಂದರೆ ಡಾಕ್ಟರು ಕೈಚೆಲ್ಲಿದರು ಎಂದಲ್ಲ. ನರರೋಗದಲ್ಲಿ ಕಾಲವೂ ಒಂದು ಪರೀಕ್ಷೆ. ನರಕ್ಕೆ ಇವತ್ತು ಪೆಟ್ಟು ಬಿದ್ದರೆ ಸ್ನಾಯುವಿಗೆ ಸೂಜಿ ಹಾಕಿ ಮಾಡುವ ಇಎಂಜಿಯಲ್ಲಿ ಅದು ಕಾಣಲು ಎರಡು–ಮೂರು ವಾರ ಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಎಂದು ಹೆಸರಿಡಬೇಕಾದರೆ ನರಮಂಡಲದ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಸಮಯದಲ್ಲಿ ತೊಂದರೆ ಆಗಿದೆಯೇ ಎಂದು ನೋಡುತ್ತೇವೆ. ಆ ಕಾಯಿಲೆ ಗುರುತಿಸಲು 2001ರಲ್ಲಿ ಬಂದ ಮೆಕ್‌ಡೊನಾಲ್ಡ್ ಮಾನದಂಡದ ತಿರುಳೇ ಅದಾಗಿತ್ತು. ಇನ್ನು ಪಾದದ ನರಗಳ ಕಾಯಿಲೆ ಮೆದುಳಿನ ಎಂಆರ್‌ಐಯಲ್ಲಿ ಕಾಣುವುದೇ ಇಲ್ಲ. ಹಾಗಾಗಿ ನಿಮ್ಮ ಜೋಮೂ ನಿಜ, ಆ ರಿಪೋರ್ಟೂ ನಿಜ. ಭ್ರಮೆ ಎನ್ನುವವರಿಗೆ ಇದನ್ನು ಓದಲು ಕೊಡಿ.

ಈ ಮೂರು ತಿಂಗಳನ್ನು ಹಾಳು ಮಾಡುವುದು ‘ನರ ದೌರ್ಬಲ್ಯ’ದ ಇಂಜೆಕ್ಷನ್. ರಕ್ತ ಪರೀಕ್ಷೆಗೆ ಮೊದಲೇ ಬಿ12 ಚುಚ್ಚಿಸಿಕೊಂಡರೆ ಆಮೇಲೆ ಮಟ್ಟ ಏರಿರುತ್ತದೆ, ಮೊದಲು ಕೊರತೆಯಿತ್ತೇ ಎಂದು ಹೇಳುವುದು ಕಷ್ಟ. ನಾಟಿ ಪುಡಿಗಳಲ್ಲಿ ಕೆಲವೊಮ್ಮೆ ಸೀಸ ಇರುತ್ತದೆ, ಅದೇ ನರ ಸುಡುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಬಿ6 ಮಾತ್ರೆಯೂ ಅತಿಯಾದರೆ ಜೋಮು ತರುತ್ತದೆ. ಯಾರೋ ಒಂದು ಪುಡಿ ಕೊಟ್ಟು ‘ನರಕ್ಕೆ ಶಕ್ತಿ’ ಎಂದರೆ ದಯವಿಟ್ಟು ಎದ್ದು ಬನ್ನಿ.

ಒಮ್ಮೆ ಒಬ್ಬ ತಾಯಿ ಹಾಲಿನ ಲೆಕ್ಕದ ಕ್ಯಾಲೆಂಡರನ್ನೇ ಗೋಡೆಯಿಂದ ತೆಗೆದುಕೊಂಡು ಬಂದಿದ್ದರು. ಅರ್ಧ ಲೀಟರ್, ಒಂದು ಲೀಟರ್ ನಡುವೆ ಸಣ್ಣಕ್ಷರದಲ್ಲಿ: ‘ಚಪ್ಪಲಿ ಕಳಚಿದ್ದು ಗೊತ್ತೇ ಆಗಲಿಲ್ಲ.’ ಆರು ದಿನ ಬಿಟ್ಟು: ‘ಮುಖ ತೊಳೆಯಲು ಕಣ್ಣು ಮುಚ್ಚಿದೆ, ವಾಲಿದೆ.’ ಕಾಲು ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ತಲುಪುತ್ತಿಲ್ಲ ಎಂದು ನನಗೆ ಅಲ್ಲೇ ಹೊಳೆಯಿತು. ಬಿ12 ನೋಡಿಸಿದೆವು, ತೀರಾ ಕಡಿಮೆ ಇತ್ತು. ನೀವೂ ಹಾಗೇ ಬರೆಯಿರಿ: ಯಾವ ದಿನ, ಯಾವ ಕೆಲಸ ಕೈಕೊಟ್ಟಿತು. ದಿನಕ್ಕೆ ಒಂದು ಸಲ, ಸಂಜೆ. ರಾತ್ರಿ ಪಾದ ಚಿವುಟಿ ನೋಡುವುದು, ಮೊಬೈಲಿನಲ್ಲಿ ಕಾಯಿಲೆ ಹುಡುಕುವುದು ಬೇಡ. ಗಾಬರಿಯಲ್ಲಿ ಉಸಿರು ಜೋರಾದರೆ ಬೆರಳು, ತುಟಿಗೂ ಜೋಮು ಬರುತ್ತದೆ. ಆಗ ಯಾವುದು ಯಾವುದರದ್ದು ಎಂದು ನನಗೂ ತಿಳಿಯುವುದಿಲ್ಲ. ನಿದ್ದೆಯಿಲ್ಲದ ವಿಷಯವನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಶಾಲೆಗೆ ಹೋಗಿ. ಬರಿಗಾಲಲ್ಲಿ ಓಡಾಡಬೇಡಿ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಪಡೆಯಿರಿ, ಆದರೆ ಹಳೆಯ ಫೈಲ್ ಮುಚ್ಚಿಡಬೇಡಿ. ಎಲ್ಲಾ ಪರೀಕ್ಷೆಯಾದ ಮೇಲೂ ಕಾರಣ ಸಿಗದ ಜೋಮು ಇದೆ. ಅಂಥವರಲ್ಲಿ ಬಹಳ ಜನರಿಗೆ ಅದು ಏರಿದರೂ ನಿಧಾನವಾಗಿ, ಅವರು ನಡೆದಾಡಿಕೊಂಡೇ ಇರುತ್ತಾರೆ.

ಆದರೆ ಬಲಹೀನತೆ ಕಾಲಿಂದ ಮೇಲಕ್ಕೆ ದಿನದಿನಕ್ಕೆ ಏರಿದರೆ, ಉಸಿರಾಟ ಅಥವಾ ನುಂಗುವುದು ಕಷ್ಟವಾದರೆ, ಮೂತ್ರ ಕಟ್ಟಿದರೆ, ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಒಂದು ನಿಮಿಷವೂ ಕಾಯಬೇಡಿ. ಲಕ್ವದಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ.

ಪ್ರಶ್ನೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಕೇ?

ಉತ್ತರ: ಬೇಡ, ಬೇಡ, ಬೇಡ. ಮಗ್ಗುಲಾಗಿ ಮಲಗಿಸಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಪ್ರಶ್ನೆ: ಒಂದು ವಾರದಿಂದ ಎಡ ರೆಪ್ಪೆ ಅದುರುತ್ತಿದೆ. ಮೋಟಾರ್ ನ್ಯೂರಾನ್ ಕಾಯಿಲೆಯೇ?

ಉತ್ತರ: ಅದು ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಕಾಯಿಲೆ. ರೆಪ್ಪೆಯೊಂದೇ ಅದುರುತ್ತಿದ್ದರೆ ಆ ಭಯ ಬೇಡ. ಕಾಫಿ ಕಡಿಮೆ ಮಾಡಿ, ಬೇಗ ಮಲಗಿ.