ತೀರ್ಥಹಳ್ಳಿ ಮಳೆಗೆ ಯಾವ ಹೂಗಿಡ ತಡೆಯುತ್ತದೆ?

ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಂದಿದ್ದೀರಿ, ನರ್ಸರಿಯಿಂದ ತಂದ ಗುಲಾಬಿ, ಅಡೇನಿಯಂ ಎಲ್ಲ ಮಳೆಗೆ ಕೊಳೆತವು, ಇಲ್ಲಿಗೆ ಒಗ್ಗುವುದು ಯಾವುದು ಅಂತ ಕೇಳಿದ್ದೀರಿ. ನಾನು ಹೊಸನಗರದ ಕಡೆಯವಳು, ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಮಳೆ.

ಶಿವಮೊಗ್ಗದಲ್ಲಿ ಚೆನ್ನಾಗಿ ಬರುತ್ತದೆ ಅಂದ ಮಾತ್ರಕ್ಕೆ ನಿಮ್ಮಲ್ಲಿ ಬರಬೇಕೆಂದಿಲ್ಲ. ಆ ಪೇಟೆಗೆ ವರ್ಷಕ್ಕೆ 1000 ಮಿ.ಮೀ. ಆಸುಪಾಸು ಮಳೆ. ಆಗುಂಬೆಯಲ್ಲಿ 7000 ದಾಟುತ್ತದೆ. ನೀವಿರುವುದು ನಡುವೆ. ಇಲ್ಲಿ ಮಳೆಗಾಲದಲ್ಲಿ ಬೇರಿಗೆ ಗಾಳಿಯಾಡದೆ ಗಿಡ ಸಾಯುತ್ತದೆ. ಅದು ಮುಗಿದರೆ ಮಾರ್ಚ್, ಏಪ್ರಿಲ್‌ನ ಒಣ ಬಿಸಿಲು. ಎರಡನ್ನೂ ತಡೆಯಬೇಕು.

ಹಾಗಾಗಿ ಡೇರೆ ಹೂವಿನ (ಡೇಲಿಯಾ) ಗಿಡ ಹಾಕಿ. ಬೇಸಿಗೆಯಲ್ಲಿ ಅದು ಗಡ್ಡೆಯಾಗಿ ಮಲಗಿರುತ್ತದೆ, ನೀರಿನ ತಲೆನೋವೇ ಇಲ್ಲ. ಮೇ ಕೊನೆಗೆ ಎರಡು ಮಳೆ ಬಿದ್ದ ಮೇಲೆ ನೆಡಿ. ಗಡ್ಡೆ ಆರಿಸುವಾಗ ಕುತ್ತಿಗೆ ಹತ್ತಿರ ಮೊಳಕೆ ಬರುವ ಕಣ್ಣಿದೆಯಾ ನೋಡಿ, ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯುವುದಿಲ್ಲ. ಗುಂಡಿಯಲ್ಲಿ ನೆಡಬೇಡಿ. ಮಣ್ಣು ಏರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ಬಸಿದು ಹೋಗುವ ಹಾಗೆ ದಿಬ್ಬ ಮಾಡಿ. ನೆಡುವಾಗಲೇ ಪಕ್ಕಕ್ಕೊಂದು ಕೋಲು ಹುಗಿಯಿರಿ. ಆಮೇಲೆ ಹುಗಿದರೆ ಗಡ್ಡೆಗೇ ಚುಚ್ಚುತ್ತದೆ. ದೊಡ್ಡ ಹೂವಿನೊಳಗೆ ನೀರು ತುಂಬಿದರೆ ದಂಟು ಮುರಿದೇ ಬೀಳುತ್ತದೆ, ಕಟ್ಟಲೇಬೇಕು. ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ಒಣ ಮರಳಲ್ಲಿ ನೆರಳಿಗಿಡಿ.

ನಂದಿಬಟ್ಟಲು, ಕೇಪಳ, ದಾಸವಾಳ ಸುಮ್ನೆ ನೆಟ್ಟರೂ ಬರುತ್ತವೆ. ದಾಸವಾಳದ ಮೊಗ್ಗು ಮಂಗಗಳಿಗೂ ಇಷ್ಟ, ಅದು ಬೇರೆ ಕಥೆ. ಅರೆನೆರಳಿದ್ದರೆ ಹೈಡ್ರೇಂಜಿಯ ಹಾಕಿ. ನಮ್ಮ ಕೆಂಪು ಮಣ್ಣಿನಲ್ಲಿ ಹುಳಿ (ಆಮ್ಲ) ಜಾಸ್ತಿ, ಅದಕ್ಕೇ ಹೂ ನೀಲಿ ಬರುತ್ತದೆ. ಸುಣ್ಣ ಹಾಕುತ್ತಾ ಬಂದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಗುಲಾಬಿ ಬೇಕೇ ಬೇಕು ಅಂದರೆ ಕುಂಡದಲ್ಲಿಟ್ಟು, ಮಳೆಗಾಲಕ್ಕೆ ಮಾಡಿನ ಕೆಳಗೆ ಸರಿಸಿ. ಎಲೆ ಮೇಲೆ ಸದಾ ನೀರು ನಿಂತರೆ ಕಪ್ಪು ಚುಕ್ಕೆ ಬಂದು ಪೂರ್ತಿ ಉದುರುತ್ತದೆ. ಅಡೇನಿಯಂಗೂ ಅದೇ ಜಾಗ, ಆದರೆ ಆ ತಿಂಗಳುಗಳಲ್ಲಿ ನೀರು ಹಾಕುವುದನ್ನು ಮರೆತುಬಿಡಿ.

ಡೇರೆ ಗಡ್ಡೆಗೆ ದುಡ್ಡು ಕೊಡಬೇಡಿ. ಆಗಸ್ಟ್‌ನಲ್ಲಿ ಅಕ್ಕಪಕ್ಕದ ಅಂಗಳ ನೋಡಿ, ಯಾವ ಬಣ್ಣ ಬೇಕೋ ಆ ಮನೆಯವರಿಗೆ ಆಗಲೇ ಹೇಳಿಡಿ.